ಸೈಡ್-ಬೈ-ಸೈಡ್, ಕ್ವಾಡ್, ಡರ್ಟ್ ಬೈಕ್: ಒಲವು ಹೊರಳುತ್ತಿರುವ ಹೊತ್ತಿನಲ್ಲಿ ಆಯ್ಕೆ ಮಾಡುವುದು ಹೇಗೆ?

ಕಾಡಿನ ಹಾದಿ, ಕಲ್ಲು ಏರು, ಮರಳು ದಿಬ್ಬಗಳಲ್ಲಿ ಮೋಜಿಗಾಗಿ ಓಡಿಸುವ ವಾಹನವೊಂದನ್ನು ಕೊಳ್ಳಲು ಹೊರಟವರು ಈಚಿನ ವರ್ಷಗಳಲ್ಲಿ ಹೆಚ್ಚುಕಡಿಮೆ ಒಂದೇ ಗೊಂದಲವನ್ನು ಮುಂದಿಡುತ್ತಾರೆ. ಬಳಗದವರೆಲ್ಲ ಕ್ವಾಡ್ (ಬೈಕಿನಂತೆ ಕುಳಿತು ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ವಾಹನ) ಮಾರಿ ಸೈಡ್-ಬೈ-ಸೈಡ್ (ಅಕ್ಕಪಕ್ಕ ಸೀಟು, ಸ್ಟಿಯರಿಂಗ್, ಮೇಲೆ ಪಂಜರ ಇರುವ ವಾಹನ) ಕೊಳ್ಳುತ್ತಿರುವಾಗ ತಾವೂ ಅದನ್ನೇ ಕೊಳ್ಳಬೇಕೇ, ಅಷ್ಟು ದುಡ್ಡಿಲ್ಲದವರು ಕಚ್ಚಾ ಹಾದಿಗೆಂದೇ ಮಾಡಿದ ಡರ್ಟ್ ಬೈಕ್‌ನಲ್ಲೇ ಸಮಾಧಾನಪಟ್ಟುಕೊಳ್ಳಬಹುದೇ, ಎಲೆಕ್ಟ್ರಿಕ್ ವಾಹನಗಳು ಬರುತ್ತಿರುವುದರಿಂದ ಇನ್ನೊಂದೆರಡು ವರ್ಷ ಕಾಯುವುದು ಲೇಸೇ ಎಂದು ಕೇಳುತ್ತಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಬಗೆಯ ವಾಹನ ಜನಪ್ರಿಯವಾಗಿದೆ ಎಂಬುದರಿಂದ ಕೊಳ್ಳುವವನಿಗೆ ತಿಳಿಯುವ ಉಪಯುಕ್ತ ಸಂಗತಿಗಳು ಎರಡೇ: ಅದರ ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ, ಮತ್ತು ಮುಂದೆ ಮಾರುವಾಗ ಕೊಳ್ಳುವವರು ಸಿಗುತ್ತಾರೆ. ಅದು ನಿಮ್ಮ ದಾರಿಗೆ, ನಿಮ್ಮ ಮೈಗೆ, ನಿಮ್ಮ ಜೊತೆಯವರಿಗೆ ಒಗ್ಗುತ್ತದೆಯೇ ಎಂಬುದನ್ನು ಮಾರಾಟದ ಅಂಕಿಗಳು ಹೇಳುವುದಿಲ್ಲ.

ಯಾವುದರಿಂದ ಅಳೆಯಬೇಕು?

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ದಾರಿಯ ಅಗಲ. ಎಂಜಿನ್ ಎಷ್ಟು ಸಿಸಿ, ಅಶ್ವಶಕ್ತಿ ಎಷ್ಟು ಎಂದು ತಿಂಗಳುಗಟ್ಟಲೆ ಲೆಕ್ಕ ಹಾಕುವವರು, ತಾವು ಹೋಗಲಿರುವ ಹಾದಿಯಲ್ಲಿ ಆ ವಾಹನ ಹಿಡಿಸುತ್ತದೆಯೇ ಎಂದು ಅಳೆದಿರುವುದೇ ಇಲ್ಲ. ಡರ್ಟ್ ಬೈಕ್‌ನ ಹ್ಯಾಂಡಲ್ ಸುಮಾರು 80 ಸೆಂಟಿಮೀಟರ್ ಅಗಲ. ಕ್ವಾಡ್‌ಗಳು ಸಾಮಾನ್ಯವಾಗಿ 50 ಅಂಗುಲದ, ಅಂದರೆ 127 ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತವೆ. ದೊಡ್ಡ ಸ್ಪೋರ್ಟ್ಸ್ ಸೈಡ್-ಬೈ-ಸೈಡ್‌ಗಳು 64 ಅಂಗುಲದಿಂದ 74 ಅಂಗುಲವನ್ನೂ ಮೀರಿ ಹರಡಿಕೊಂಡಿವೆ. ಅಮೆರಿಕದ ಸರ್ಕಾರಿ ಅರಣ್ಯಗಳ ಅನೇಕ ಹಾದಿಗಳಿಗೆ 50 ಅಂಗುಲದ ಮಿತಿ ಇದೆ, ಮತ್ತು ಈ ಒಂದು ಅಂಕಿ ವಾಹನಗಳ ವಿನ್ಯಾಸವನ್ನೇ ತಿದ್ದಿದೆ.

ಎರಡನೆಯದು, ನಿಮ್ಮೊಡನೆ ಎಷ್ಟು ಮಂದಿ ಬರುತ್ತಾರೆ ಎಂಬುದು. ಮೂರನೆಯದು ಮೈಗೆ ಬೀಳುವ ದಣಿವು ಮತ್ತು ಕಲಿಯಲು ಬೇಕಾಗುವ ಕಾಲ. ನಾಲ್ಕನೆಯದು ಸಾಗಣೆ: ವಾಹನವನ್ನು ಮನೆಯಿಂದ ಹಾದಿಯ ಬಾಯಿಯವರೆಗೆ ಒಯ್ಯಲು ಏನು ಬೇಕು, ಮನೆಯಲ್ಲಿ ಎಲ್ಲಿ ನಿಲ್ಲಿಸಬೇಕು. ಐದನೆಯದು ಖರ್ಚು. ಇಲ್ಲಿ ಕೊಳ್ಳುವ ಬೆಲೆಗಿಂತ ಓಡಿಸಿದ ಪ್ರತಿ ಗಂಟೆಗೆ ಬೀಳುವ ವೆಚ್ಚವನ್ನು ನೋಡಬೇಕು, ಏಕೆಂದರೆ ಈ ವಾಹನಗಳ ಆಯಸ್ಸನ್ನು ಕಿಲೋಮೀಟರಿಗಿಂತ ಗಂಟೆಗಳಲ್ಲಿ ಅಳೆಯುವುದೇ ವಾಡಿಕೆ. ಕೊನೆಯದು ಅಪಾಯದ ಸ್ವರೂಪ. ಯಾವುದು ಹೆಚ್ಚು ಅಪಾಯಕಾರಿ ಎಂದು ಕೇಳುವುದಕ್ಕಿಂತ, ಯಾವುದರಲ್ಲಿ ಯಾವ ಬಗೆಯ ಪೆಟ್ಟು ಬೀಳುತ್ತದೆ, ಅದನ್ನು ತಡೆಯುವ ಶಿಸ್ತು ತನ್ನಲ್ಲಿದೆಯೇ ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ.

ಒಲವು ಹೊರಳಿದ ಬಗೆ

1970ರಲ್ಲಿ ಹೋಂಡಾ ಕಂಪನಿ ಮಾರುಕಟ್ಟೆಗೆ ತಂದ ಮೂರು ಚಕ್ರದ ಪುಟ್ಟ ವಾಹನಕ್ಕೆ ಸ್ಪ್ರಿಂಗ್ ಸಸ್ಪೆನ್ಷನ್ನೇ ಇರಲಿಲ್ಲ. ಅತಿ ಕಡಿಮೆ ಗಾಳಿಯ ಬಲೂನಿನಂತಹ ಟೈರ್‌ಗಳೇ ಆ ಕೆಲಸವನ್ನು ಮಾಡುತ್ತಿದ್ದವು. ಮರಳು, ಹಿಮ, ಕೆಸರು ಎಲ್ಲದರ ಮೇಲೂ ತೇಲಿದಂತೆ ಹೋಗುತ್ತಿದ್ದ ಆ ವಾಹನಗಳು ಹತ್ತು ಹದಿನೈದು ವರ್ಷ ಮೆರೆದವು. ಆದರೆ ತಿರುವಿನಲ್ಲಿ ಸುಲಭವಾಗಿ ಮಗುಚುವ ಅವುಗಳ ಗುಣ ಬಹಳ ಮಂದಿಯನ್ನು ಗಾಯಗೊಳಿಸಿತು. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದೊಂದಿಗೆ ಆದ ಒಪ್ಪಂದದ ಪ್ರಕಾರ 1988ರಲ್ಲಿ ಅಲ್ಲಿ ಹೊಸ ಮೂರು ಚಕ್ರದ ವಾಹನಗಳ ಮಾರಾಟ ನಿಂತಿತು. ಅಷ್ಟರಲ್ಲಿ ಸುಝುಕಿ ನಾಲ್ಕು ಚಕ್ರದ ಕ್ವಾಡ್‌ರನ್ನರ್ ತಂದು ಕೆಲವು ವರ್ಷಗಳೇ ಆಗಿದ್ದವು, ಮುಂದಿನ ಹಾದಿ ಕ್ವಾಡ್‌ಗಳದೇ ಆಯಿತು. ಯಮಹಾದ ಬ್ಯಾನ್ಶಿ, ಹೋಂಡಾದ ಟಿಆರ್‌ಎಕ್ಸ್250ಆರ್ ಮೊದಲಾದ ಸ್ಪೋರ್ಟ್ಸ್ ಕ್ವಾಡ್‌ಗಳ ಹೆಸರನ್ನು ಆ ಕಾಲದವರು ಇಂದಿಗೂ ಅಕ್ಕರೆಯಿಂದ ನೆನೆಯುತ್ತಾರೆ.

ಸೈಡ್-ಬೈ-ಸೈಡ್‌ಗಳು ಹುಟ್ಟಿದ್ದು ಹೊಲ, ತೋಟಗಳ ಕೆಲಸಕ್ಕೆ. 1988ರ ಕವಾಸಾಕಿ ಮ್ಯೂಲ್ ಹೊರೆ ಸಾಗಿಸುವ ಗಾಡಿಯಾಗಿತ್ತೇ ಹೊರತು ಆಟದ ಸಾಮಾನಾಗಿರಲಿಲ್ಲ. 2003ರಲ್ಲಿ ಬಂದ ಯಮಹಾ ರೈನೋ ಕೆಲಸ ಮತ್ತು ಮೋಜು ಎರಡನ್ನೂ ಬೆರೆಸಿತು. 2007ರಲ್ಲಿ ಪೊಲಾರಿಸ್ ತಂದ ಆರ್‌ಝಡ್‌ಆರ್, ಕೆಲಸದ ನೆಪವನ್ನೂ ಕೈಬಿಟ್ಟು ಬರೀ ಮೋಜಿಗೆಂದೇ ಬಂದಿತು. ಅದರ ಅಗಲ ಸರಿಯಾಗಿ 50 ಅಂಗುಲ ಇದ್ದುದು ಆಕಸ್ಮಿಕವಲ್ಲ, ಕ್ವಾಡ್‌ನ ಹಾದಿಗಳಲ್ಲೇ ಅದು ನುಗ್ಗಬೇಕಾಗಿತ್ತು. ಆಗ 50 ಅಶ್ವಶಕ್ತಿಯ ಆಸುಪಾಸಿನಲ್ಲಿದ್ದ ಈ ವರ್ಗ, ಹದಿನೈದು ವರ್ಷಗಳಲ್ಲಿ 225 ಅಶ್ವಶಕ್ತಿಯ, 74 ಅಂಗುಲ ಅಗಲದ ಆರ್‌ಝಡ್‌ಆರ್ ಪ್ರೊ ಆರ್‌ವರೆಗೆ ಬೆಳೆಯಿತು. ಇದೇ ಹೊರಳು, ಮರುಭೂಮಿಯಲ್ಲಿ ನಡೆಯುವ ಹೆಸರಾಂತ ಡಕಾರ್ ರ‍್ಯಾಲಿಯಲ್ಲಿಯೂ ಎದ್ದು ಕಾಣುತ್ತದೆ: 2009ರಲ್ಲಿ ಕ್ವಾಡ್‌ಗಳಿಗೆ ಪ್ರತ್ಯೇಕ ವರ್ಗ ದೊರೆಯಿತು, 2017ರಲ್ಲಿ ಸೈಡ್-ಬೈ-ಸೈಡ್‌ಗಳಿಗೂ ದೊರೆಯಿತು, 2025ರ ಹೊತ್ತಿಗೆ ಕ್ವಾಡ್ ವರ್ಗವೇ ಇಲ್ಲವಾಯಿತು.

ಇದಕ್ಕೆ ಕಾರಣವನ್ನು ವೇಗದಲ್ಲಿ ಹುಡುಕುವವರಿದ್ದಾರೆ; ನನಗೆ ಕಾಣುವ ಕಾರಣ ಪಕ್ಕದ ಸೀಟು. ಕ್ವಾಡ್ ಓಡಿಸುವವನು ಒಬ್ಬಂಟಿ, ಜೊತೆಯವರ ಧೂಳು ಕುಡಿಯುತ್ತ, ಸಂಜೆ ಎಲ್ಲರೂ ನಿಂತಾಗ ಮಾತ್ರ ಮಾತಾಡುತ್ತಾನೆ. ಸೈಡ್-ಬೈ-ಸೈಡ್‌ನಲ್ಲಿ ಗಂಡ-ಹೆಂಡತಿ, ಅಪ್ಪ-ಮಗಳು, ಮೊಣಕಾಲು ನೋವಿನ ಹಿರಿಯರು ಒಂದೇ ಹಾದಿಯನ್ನು ಒಟ್ಟಿಗೆ ನೋಡುತ್ತಾರೆ. ಸ್ಟಿಯರಿಂಗ್, ಎರಡು ಪೆಡಲ್, ಸೀಟ್ ಬೆಲ್ಟ್ ಇರುವುದರಿಂದ ಕಾರು ಓಡಿಸಬಲ್ಲವರು ಅರ್ಧ ಗಂಟೆಯಲ್ಲಿ ಹೊರಟುಬಿಡಬಹುದು. ಹವ್ಯಾಸಿಗಳಿಗೆ ವಯಸ್ಸಾದಂತೆ ಈ ಅನುಕೂಲದ ತೂಕ ಹೆಚ್ಚುತ್ತ ಹೋಗಿದೆ.

ಸೈಡ್-ಬೈ-ಸೈಡ್: ಕೊಡುವುದು ಬಹಳ, ಕೇಳುವುದೂ ಬಹಳ

ಇಬ್ಬರು ಅಥವಾ ನಾಲ್ವರು ಕೂಡಿ ದಿನವಿಡೀ ಸುತ್ತಬೇಕೆಂದರೆ ಇದಕ್ಕೆ ಸರಿಸಾಟಿ ಇಲ್ಲ. ಊಟದ ಡಬ್ಬಿ, ನೀರು, ಉಪಕರಣ, ಹಗ್ಗ ಎಲ್ಲವೂ ಹಿಂದೆ ಹಿಡಿಸುತ್ತವೆ. ತಲೆಯ ಮೇಲೆ ಉಕ್ಕಿನ ಕೊಳವೆಗಳ ಪಂಜರವಿದೆ. ಉದ್ದ ಚಲನೆಯ ಸಸ್ಪೆನ್ಷನ್ ಇರುವ ಮಾದರಿಗಳು ಗುಂಡಿಗಳ ಮೇಲೆ ಹಾಯುವ ರೀತಿ, ಒಂದು ಕಾಲಕ್ಕೆ ರೇಸ್ ತಂಡಗಳಿಗಷ್ಟೇ ದಕ್ಕುತ್ತಿತ್ತು.

ಆದರೆ ತೂಕವನ್ನು ಮರೆಯಬಾರದು. ಸ್ಪೋರ್ಟ್ಸ್ ಮಾದರಿಗಳು 600, 700 ಕೆಜಿ ದಾಟುವುದು ಸಾಮಾನ್ಯ. ಇಂಥದ್ದು ಕಿರಿದಾದ ಹಾದಿಯಲ್ಲಿ ಒಮ್ಮೆ ಸಿಕ್ಕಿಬಿದ್ದರೆ ಕೈಯಿಂದ ಎತ್ತಿ ತಿರುಗಿಸುವ ಮಾತೇ ಇಲ್ಲ, ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಬೇಕು ಅಥವಾ ಇನ್ನೊಂದು ವಾಹನ ಬೇಕು. ಸಾಗಿಸಲು ಟ್ರೇಲರ್ ಬೇಕು, ಟ್ರೇಲರ್ ಎಳೆಯಲು ತಕ್ಕ ವಾಹನ ಬೇಕು, ಇವೆಲ್ಲವನ್ನೂ ನಿಲ್ಲಿಸಲು ಜಾಗ ಬೇಕು. ಕೊಳ್ಳುವವರು ಬಹುಮಟ್ಟಿಗೆ ಶೋರೂಮಿನ ಬೆಲೆಯನ್ನಷ್ಟೇ ಹೋಲಿಸುತ್ತಾರೆ. ಟ್ರೇಲರ್, ಗಾಜು ಅಥವಾ ಚಾವಣಿ, ಬದಲಿ ಟೈರ್, ಒಳ್ಳೆಯ ಸೀಟ್ ಬೆಲ್ಟ್ ಇವುಗಳ ವೆಚ್ಚ ಸೇರಿದಾಗ ಲೆಕ್ಕ ಬೇರೆಯೇ ಆಗುತ್ತದೆ.

ಯಂತ್ರದ ಒಳಗೊಂದು ಸಂಗತಿಯನ್ನು ವಿವರವಾಗಿ ಹೇಳಬೇಕು. ಬಹುಪಾಲು ಸೈಡ್-ಬೈ-ಸೈಡ್‌ಗಳಲ್ಲಿ ಎಂಜಿನ್‌ನ ಬಲ ಚಕ್ರಗಳಿಗೆ ಹೋಗುವುದು ಸಿವಿಟಿ ಎಂಬ ಗೇರ್ ವ್ಯವಸ್ಥೆಯ ರಬ್ಬರ್ ಬೆಲ್ಟ್ ಮೂಲಕ. ಎರಡು ಪುಲ್ಲಿಗಳು ಹಿಗ್ಗುತ್ತ ಕುಗ್ಗುತ್ತ ಗೇರ್ ಅನುಪಾತವನ್ನು ತಾವೇ ಬದಲಿಸುವುದರಿಂದ ಓಡಿಸುವುದು ಸರಾಗ. ಆದರೆ ಈ ಬೆಲ್ಟ್‌ಗೆ ಶಾಖವೇ ಶತ್ರು. ಹೈ ಗೇರ್‌ನಲ್ಲೇ ಇಟ್ಟುಕೊಂಡು ಕಡಿದಾದ ಕಲ್ಲು ಏರನ್ನು ನಿಧಾನವಾಗಿ ಹತ್ತುವಾಗ ಪುಲ್ಲಿಗಳು ಬೆಲ್ಟನ್ನು ಪೂರ್ತಿ ಹಿಡಿಯದೆ ಜಾರುತ್ತವೆ. ಸುಟ್ಟ ರಬ್ಬರಿನ ವಾಸನೆ ಕ್ಯಾಬಿನ್ನಿಗೆ ಬರುತ್ತದೆ. ಆಗಲೂ ನಿಲ್ಲಿಸದಿದ್ದರೆ ಬೆಲ್ಟ್ ಹರಿದು, ಅದರ ಎಳೆಗಳು ಪುಲ್ಲಿಯ ಸುತ್ತ ಸುತ್ತಿಕೊಳ್ಳುತ್ತವೆ, ಅವನ್ನು ಒಂದೊಂದಾಗಿ ಬಿಡಿಸಿ ಹೊಸ ಬೆಲ್ಟ್ ಹಾಕುವವರೆಗೆ ಗಾಡಿ ಕದಲುವುದಿಲ್ಲ. ಏರು ಬಂದಾಗ ಲೋ ಗೇರ್‌ಗೆ ಬದಲಿಸುವ ಅಭ್ಯಾಸ ಮತ್ತು ಜೊತೆಯಲ್ಲೊಂದು ಬದಲಿ ಬೆಲ್ಟ್, ಇವೆರಡೂ ಇರಲೇಬೇಕು. ಬೆಲ್ಟ್‌ನ ಗೊಡವೆಯೇ ಬೇಡ ಎನ್ನುವವರಿಗೆ ಹೋಂಡಾ ಟ್ಯಾಲನ್‌ನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇದೆ. ಯಮಹಾದ ವೈಎಕ್ಸ್‌ಝಡ್‌ನ ಗೇರ್‌ಬಾಕ್ಸ್‌ನಲ್ಲೂ ಬೆಲ್ಟ್ ಇಲ್ಲ. ಅಂಥವು ಕಡಿಮೆ ಇರುವುದು ಖೇದದ ಸಂಗತಿ.

ಅಪಾಯದ ವಿಚಾರದಲ್ಲಿ ಪಂಜರ ಇದೆ ಎಂಬ ಧೈರ್ಯವೇ ಇಲ್ಲಿ ಕೇಡಿಗೆ ದಾರಿಯಾಗುತ್ತದೆ. ವಾಹನ ಪಕ್ಕಕ್ಕೆ ವಾಲುವಾಗ ಬೀಳುವುದನ್ನು ತಡೆಯುವವರಂತೆ ಕೈ ಅಥವಾ ಕಾಲನ್ನು ಹೊರಗೆ ಚಾಚುವುದು ಮನುಷ್ಯನ ಸಹಜ ಪ್ರವೃತ್ತಿ. ಪಂಜರದ ಕೊಳವೆ ನೆಲಕ್ಕೆ ತಾಗುವ ಜಾಗದಲ್ಲೇ ಆ ಕೈ ಇರುತ್ತದೆ. ಪಕ್ಕದ ಬಲೆ ಅಥವಾ ಬಾಗಿಲು, ಬಿಗಿದ ಬೆಲ್ಟ್, ತಲೆಗೆ ಹೆಲ್ಮೆಟ್ ಇದ್ದರೆ ಪಂಜರ ತನ್ನ ಕೆಲಸ ಮಾಡುತ್ತದೆ. ಕಾಲು ನೆಲಕ್ಕೆ ಎಟುಕದ, ಬೆಲ್ಟ್ ಸರಿಯಾಗಿ ಹೊಂದದ ಚಿಕ್ಕ ಮಕ್ಕಳನ್ನು ದೊಡ್ಡವರ ಸೀಟಿನಲ್ಲಿ ಕೂರಿಸಿ ಹೊರಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಕ್ವಾಡ್: ಹಳತಾಯಿತೆಂದು ಬಿಟ್ಟುಬಿಡಬೇಡಿ

ಕ್ವಾಡ್‌ಗಳಲ್ಲಿ ಎರಡು ಜಾತಿ. ಸ್ಪೋರ್ಟ್ಸ್ ಕ್ವಾಡ್ ಹಗುರ, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಚಾಲನೆ, ಕ್ಲಚ್ ಮತ್ತು ಗೇರ್ ಸವಾರನ ಕೈಯಲ್ಲಿ. ಯುಟಿಲಿಟಿ ಕ್ವಾಡ್ ಮುನ್ನೂರು ನಾನೂರು ಕೆಜಿಯ, ನಾಲ್ಕೂ ಚಕ್ರಕ್ಕೆ ಬಲ ಹೋಗುವ, ಮುಂದೆ ಹಿಂದೆ ಸಾಮಾನು ಕಟ್ಟಲು ಕಂಬಿಗಳಿರುವ ದುಡಿಮೆಯ ವಾಹನ. ಒಲವು ಕುಸಿದಿರುವುದು ಮುಖ್ಯವಾಗಿ ಮೊದಲ ಜಾತಿಯಲ್ಲಿ. ಹೋಂಡಾ ತನ್ನ ಟಿಆರ್‌ಎಕ್ಸ್450ಆರ್ ತಯಾರಿಕೆಯನ್ನು ನಿಲ್ಲಿಸಿ ವರ್ಷಗಳೇ ಕಳೆದವು. ದೊಡ್ಡ ಕಂಪನಿಗಳಲ್ಲಿ ಯಮಹಾದ ರ‍್ಯಾಪ್ಟರ್ 700ರಂತಹ ಕೆಲವೇ ಮಾದರಿಗಳು ಆ ವರ್ಗವನ್ನು ಜೀವಂತವಾಗಿಟ್ಟಿವೆ. ಯುಟಿಲಿಟಿ ಕ್ವಾಡ್‌ಗೆ ಅಂಥ ಭಯವಿಲ್ಲ, ಕೆಲಸಕ್ಕೆ ಬೇಕಾದ ವಾಹನ ಫ್ಯಾಷನ್ ಹೋಯಿತೆಂದು ಮಾಯವಾಗುವುದಿಲ್ಲ.

ದಟ್ಟ ಕಾಡಿನ ಕಿರಿದಾದ ಹಾದಿ, ಕೆಸರು, ಹೊಳೆ ದಾಟು, ಏಕಾಂಗಿ ಸುತ್ತಾಟ ಇವು ನಿಮ್ಮ ಇಷ್ಟವಾದರೆ, ಅದರ ಜೊತೆಗೆ ಸೌದೆ ಗೊಬ್ಬರ ಸಾಗಿಸುವ ಕೆಲಸವೂ ಇದ್ದರೆ, ಯುಟಿಲಿಟಿ ಕ್ವಾಡ್‌ನಷ್ಟು ಹಣಕ್ಕೆ ತಕ್ಕ ವಾಹನ ಬೇರೊಂದಿಲ್ಲವೆಂದು ನಾನು ನಂಬಿದ್ದೇನೆ. ಚಿಕ್ಕ ಟ್ರೇಲರ್ ಅಥವಾ ಪಿಕಪ್‌ನ ಹಿಂಬದಿ ಸಾಕು. ಟೈರ್‌ಗಳಿಗೆ ಐದಾರು ಪಿಎಸ್‌ಐ ಗಾಳಿ ಮಾತ್ರ ಇರುವುದರಿಂದ ಮೆದು ನೆಲದಲ್ಲಿ ಹೂಳುವುದು ಕಡಿಮೆ.

ಕಾರಿನಂತೆ ಕುಳಿತು ಓಡಿಸುವ ವಾಹನ ಇದಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ಇಳಿಜಾರಿಗೆ ಅಡ್ಡಲಾಗಿ ಹೋಗುವಾಗ ಸವಾರ ಸೀಟಿನಿಂದ ಎದ್ದು, ಮೇಲ್ಬದಿಯ ಕಾಲ್ಮೆಟ್ಟಿನ ಮೇಲೆ ಮೈಭಾರ ಹಾಕಿ, ಭುಜವನ್ನು ಗುಡ್ಡದ ಕಡೆಗೆ ತರಬೇಕು. ಅವನ ಮೈಯೇ ಆ ವಾಹನದ ಸಮತೋಲ. ಒಬ್ಬರಿಗೆಂದು ಮಾಡಿದ ಕ್ವಾಡ್‌ನಲ್ಲಿ ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡಾಗ ಈ ಚಲನೆಗೆ ಜಾಗವೇ ಉಳಿಯುವುದಿಲ್ಲ, ಏರಿನಲ್ಲಿ ಭಾರ ಹಿಂದಕ್ಕೆ ಬಿದ್ದು ಗಾಡಿ ಸವಾರರ ಮೇಲೆಯೇ ಮಗುಚುತ್ತದೆ. ಇಬ್ಬರು ಹೋಗಲೇಬೇಕಾದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಹೆಚ್ಚು ಅಂತರ ಇಟ್ಟು ಇಬ್ಬರಿಗೆಂದೇ ವಿನ್ಯಾಸ ಮಾಡಿದ ಮಾದರಿಗಳಿವೆ, ಅವನ್ನೇ ಕೊಳ್ಳಬೇಕು. ಮಕ್ಕಳಿಗೆ ಕೊಡುವುದಾದರೆ ಅವರ ವಯಸ್ಸಿಗೆಂದೇ ಮಾಡಿದ ಚಿಕ್ಕ ಕ್ವಾಡ್ ಕೊಡಬೇಕು. "ಬೆಳೆಯುತ್ತಾನೆ ಬಿಡಿ" ಎಂದು ದೊಡ್ಡದನ್ನು ಕೊಡಿಸುವುದು ಉಳಿತಾಯವಲ್ಲ.

ಡರ್ಟ್ ಬೈಕ್: ಕಡಿಮೆ ದುಡ್ಡು, ಹೆಚ್ಚು ಬೆವರು

ಸೈಡ್-ಬೈ-ಸೈಡ್‌ಗಳ ಬೆಲೆ ಏರಿದಂತೆಲ್ಲ ಡರ್ಟ್ ಬೈಕ್ ಕಡೆಗೆ ಮರಳುವವರನ್ನು ಕಾಣುತ್ತೇವೆ, ಮತ್ತು ಅದು ಅರ್ಥವಾಗುವ ಮಾತು. ಒಂದು ದೊಡ್ಡ ಸೈಡ್-ಬೈ-ಸೈಡ್‌ನ ಹಣದಲ್ಲಿ ಮನೆಯ ಮೂರು ನಾಲ್ಕು ಮಂದಿಗೆ ಒಂದೊಂದು ಬೈಕ್ ಬರುತ್ತದೆ. ನೂರು ನೂರಿಪ್ಪತ್ತು ಕೆಜಿಯ ವಾಹನವಾದ್ದರಿಂದ ಎರಡು ಮರಗಳ ನಡುವೆ ಹ್ಯಾಂಡಲ್ ಹೊರಳಿಸಿ ನುಸುಳಬಹುದು, ಬಿದ್ದರೆ ಎತ್ತಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ನೆಲವನ್ನು ಓದುವುದನ್ನು ಇದು ಕಲಿಸುತ್ತದೆ. ಬೈಕ್‌ನಲ್ಲಿ ಪಳಗಿದವನು ಮುಂದೆ ಯಾವ ಕಚ್ಚಾ ಹಾದಿಯ ವಾಹನ ಹಿಡಿದರೂ ಚೆನ್ನಾಗಿ ಓಡಿಸುತ್ತಾನೆ.

ಕಲಿಯುವ ಹಂತದಲ್ಲಿ ಬೀಳುವುದು ಖಂಡಿತ. ಹೆಲ್ಮೆಟ್, ಕನ್ನಡಕ, ಎದೆಕವಚ, ಮೊಣಕಾಲು ಕಟ್ಟು, ಗಟ್ಟಿ ಬೂಟು ಇವುಗಳ ಖರ್ಚನ್ನು ಬೈಕ್‌ನ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು. ಇನ್ನೊಂದು ಎಚ್ಚರಿಕೆ ಎಂಜಿನ್‌ನ ಬಗೆಗೆ. ಹೊಸಬರು ಸ್ಪರ್ಧೆಗೆಂದು ಮಾಡಿದ 450 ಸಿಸಿ ಮೊಟೊಕ್ರಾಸ್ ಬೈಕ್‌ನ ಮೋಹಕ್ಕೆ ಬೀಳುತ್ತಾರೆ. ಅದರ ಎಣ್ಣೆಯನ್ನು ಕೆಲವೇ ಗಂಟೆಗಳಿಗೊಮ್ಮೆ ಬದಲಿಸಬೇಕು, ಪಿಸ್ಟನ್ ಬದಲಿಸುವ ಲೆಕ್ಕವೂ ಗಂಟೆಗಳಲ್ಲೇ ಇರುತ್ತದೆ. ಹೋಂಡಾ ಸಿಆರ್‌ಎಫ್250ಎಫ್, ಕವಾಸಾಕಿ ಕೆಎಲ್‌ಎಕ್ಸ್230ಆರ್‌ನಂತಹ ಗಾಳಿಯಿಂದ ತಣಿಯುವ, ಬಟನ್ ಒತ್ತಿದರೆ ಹೊರಡುವ ಟ್ರೇಲ್ ಬೈಕ್‌ಗಳು ನಿಧಾನವಾದರೂ ವರ್ಷಗಟ್ಟಲೆ ತೊಂದರೆ ಕೊಡದೆ ಓಡುತ್ತವೆ. ವಾರಾಂತ್ಯದ ಹವ್ಯಾಸಿಗೆ ನಾನು ಕೈತೋರಿಸುವುದು ಇವುಗಳ ಕಡೆಗೇ.

ಎಲೆಕ್ಟ್ರಿಕ್‌ಗೆ ಕಾಯಬೇಕೇ?

ಇದಕ್ಕೆ ಉತ್ತರ ವಾಹನದ ಗಾತ್ರವನ್ನು ಅವಲಂಬಿಸಿದೆ. ಚಿಕ್ಕ ಬೈಕ್‌ಗಳಲ್ಲಿ ಕಾಯುವ ಅಗತ್ಯವೇ ಇಲ್ಲ, ಅವು ಈಗಾಗಲೇ ಬಂದಿವೆ. ಸುರ್-ರಾನ್ ಲೈಟ್ ಬೀ ಮಾದರಿಯ, ಐವತ್ತು ಚಿಲ್ಲರೆ ಕೆಜಿಯ ಬೈಕ್‌ಗಳು ಸದ್ದಿಲ್ಲದೆ ಒಂದು ಹೊಸ ಪೀಳಿಗೆಯನ್ನೇ ಈ ಹವ್ಯಾಸಕ್ಕೆ ತಂದಿವೆ. ಸ್ಪರ್ಧೆಯ ದರ್ಜೆಯಲ್ಲಿ ಸ್ಟಾರ್ಕ್ ವಾರ್ಗ್ 80 ಅಶ್ವಶಕ್ತಿಯವರೆಗೆ ಕೊಡುತ್ತದೆ ಮತ್ತು ಬಲವನ್ನು ಸವಾರನ ಅನುಭವಕ್ಕೆ ತಕ್ಕಂತೆ ತಗ್ಗಿಸಿಕೊಳ್ಳಬಹುದು. ಅಕ್ಕಪಕ್ಕದಲ್ಲಿ ಮನೆಗಳಿರುವ ಜಾಗದಲ್ಲಿ ಓಡಿಸುವವರಿಗೆ ಸದ್ದಿಲ್ಲದಿರುವುದೇ ದೊಡ್ಡ ಗುಣ, ಏಕೆಂದರೆ ಶಬ್ದದ ದೂರುಗಳಿಂದಲೇ ಎಷ್ಟೋ ಹಾದಿಗಳು ಮುಚ್ಚಿವೆ.

ಸೈಡ್-ಬೈ-ಸೈಡ್‌ಗಳಲ್ಲಿ ಸ್ಥಿತಿ ಬೇರೆ. ಪೊಲಾರಿಸ್‌ನ ರೇಂಜರ್ ಎಕ್ಸ್‌ಪಿ ಕೈನೆಟಿಕ್‌ನ ದೊಡ್ಡ ಬ್ಯಾಟರಿಗೆ ಕಂಪನಿ ಹೇಳುವ ವ್ಯಾಪ್ತಿಯೇ ಸುಮಾರು 80 ಮೈಲಿ. ಕೆಸರು, ಮರಳು, ಏರುಗಳಲ್ಲಿ ಅದು ತಗ್ಗುತ್ತದೆ. ತೋಟದ ಕೆಲಸಕ್ಕೆ ಅದು ಧಾರಾಳ, ಚಾರ್ಜಿಂಗ್ ಇಲ್ಲದ ಕಾಡಿನಲ್ಲಿ ದಿನವಿಡೀ ಸುತ್ತುವುದಕ್ಕೆ ಸಾಲದು. ದೂರದ ಸುತ್ತಾಟವೇ ಗುರಿಯಾಗಿರುವವರು ಸದ್ಯಕ್ಕೆ ಪೆಟ್ರೋಲ್ ವಾಹನವನ್ನೇ ಕೊಳ್ಳುವುದು ವಿವೇಕ.

ಟ್ರೇಲರ್ ನಿಲ್ಲಿಸಲು ಜಾಗವೇ ಇಲ್ಲದವರು ಸುಝುಕಿ ಜಿಮ್ನಿ, ಜೀಪ್ ರ‍್ಯಾಂಗ್ಲರ್, 2021ರಲ್ಲಿ ಮರಳಿ ಬಂದ ಫೋರ್ಡ್ ಬ್ರಾಂಕೊ ಮೊದಲಾದ ರಸ್ತೆಗೂ ಸಲ್ಲುವ ಫೋರ್ ವೀಲ್ ಡ್ರೈವ್‌ಗಳನ್ನು ಪರಿಗಣಿಸಬಹುದು. ಅವು ಹಾದಿಗೂ ಹೋಗುತ್ತವೆ, ಸೋಮವಾರ ಕಚೇರಿಗೂ ಹೋಗುತ್ತವೆ. ಆದರೆ ಸೋಮವಾರ ಕಚೇರಿಗೆ ಬೇಕಾದ ವಾಹನವನ್ನು ಭಾನುವಾರ ಬಂಡೆಗಳ ಮೇಲೆ ಹತ್ತಿಸಲು ಎಲ್ಲರಿಗೂ ಮನಸ್ಸು ಬರುವುದಿಲ್ಲ.

ಬಳಸಿದ ವಾಹನ ಕೊಳ್ಳುವಾಗ

ಒಲವು ಹೊರಳುವುದರಿಂದ ಕೊಳ್ಳುವವನಿಗೆ ನಿಜವಾದ ಲಾಭ ದೊರೆಯುವುದು ಇಲ್ಲಿಯೇ. ಎಲ್ಲರೂ ಒಂದು ಬಗೆಯಿಂದ ಇನ್ನೊಂದಕ್ಕೆ ಹಾರುವಾಗ ಬಿಟ್ಟುಹೋದ ಒಳ್ಳೆಯ ವಾಹನಗಳು ಕೈಗೆಟುಕುವ ಬೆಲೆಗೆ ಬರುತ್ತವೆ. 2020ರ ಕೋವಿಡ್ ಕಾಲದಲ್ಲಿ ಹೊರಾಂಗಣದ ಹವ್ಯಾಸಕ್ಕೆಂದು ಧಾವಿಸಿ ಕೊಂಡು, ಆಮೇಲೆ ಹೆಚ್ಚು ಓಡಿಸದೆ ಮಾರುವವರೂ ಇದ್ದಾರೆ. ಬಜೆಟ್ ಕಡಿಮೆ ಇರುವವರು ದೊಡ್ಡ ಕಂಪನಿಯ ಹಳೆಯ ಯುಟಿಲಿಟಿ ಕ್ವಾಡ್ ಅಥವಾ 50 ಅಂಗುಲದ ಹಳೆಯ ಸೈಡ್-ಬೈ-ಸೈಡ್ ಹುಡುಕುವುದು, ಹೆಸರೇ ಕೇಳದ ಕಂಪನಿಯ ಹೊಚ್ಚ ಹೊಸದನ್ನು ಕೊಳ್ಳುವುದಕ್ಕಿಂತ ಮೇಲು.

ನೋಡಲು ಹೋದಾಗ ಎಂಜಿನ್ ತಣ್ಣಗಿರುವಂತೆ ಮೊದಲೇ ತಿಳಿಸಿ. ಬಿಸಿ ಮಾಡಿಟ್ಟ ಎಂಜಿನ್ ತನ್ನ ರೋಗವನ್ನು ಅಡಗಿಸುತ್ತದೆ. ಗಂಟೆ ಮೀಟರ್ ಓದಿ, ಅದನ್ನು ಕಾಲ್ಮೆಟ್ಟು ಮತ್ತು ಸೀಟಿನ ಸವೆತದೊಂದಿಗೆ ಹೋಲಿಸಿ. ಚಕ್ರವನ್ನು ನೆಲದಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರೆ ಬೇರಿಂಗ್ ಮತ್ತು ಬಾಲ್ ಜಾಯಿಂಟ್‌ಗಳ ಸ್ಥಿತಿ ಕೈಗೇ ತಿಳಿಯುತ್ತದೆ. ಕೆಳಗೆ ಬಗ್ಗಿ ಚೌಕಟ್ಟಿನ ಬೆಸುಗೆಗಳ ಮೇಲೆ ಬಿರುಕು ಮರೆಮಾಡಲು ಹೊಸ ಬಣ್ಣ ಬಳಿದಿದೆಯೇ ಎಂದು ನೋಡಿ. ನಂತರ ಏರ್ ಫಿಲ್ಟರ್ ಪೆಟ್ಟಿಗೆಯನ್ನು ತೆರೆಸಿ, ಫಿಲ್ಟರ್ ಹೊರತೆಗೆದು, ಎಂಜಿನ್ ಕಡೆಗಿನ ಕೊಳವೆಯ ಒಳಗೆ ಬೆರಳಾಡಿಸಿ. ಫಿಲ್ಟರ್ ದಾಟಿದ ಆ ಜಾಗ ಶುಭ್ರವಾಗಿರಬೇಕು. ಬೆರಳಿಗೆ ಸಣ್ಣ ಧೂಳು ಅಂಟಿದರೆ ಅದು ಸಿಲಿಂಡರ್‌ನ ಒಳಗೋಡೆಯನ್ನೂ ಉಜ್ಜಿರುತ್ತದೆ. ಅಂಥ ವಾಹನದ ಮಿಕ್ಕೆಲ್ಲ ಭಾಗ ಎಷ್ಟೇ ಚೆನ್ನಾಗಿದ್ದರೂ, ಎಂಜಿನ್ ಬಿಚ್ಚಿಸುವ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ, ಮಾರುವವರು ಒಪ್ಪದಿದ್ದರೆ ಬೇರೆಯದನ್ನು ನೋಡಿ.